ಬಿಡುಗಡೆಯ ತೀರ್ಪಿಗೆ ಉತ್ತರವಾದಿಗಳಾರು?

ಕೊಲೆಯ ಖಟ್ಲೆಯೊಂದರಲ್ಲಿ ಆಪಾದಿತನು ನಿರ್ದೋಷಿಯೆಂದು ತೀರ್ಪಾದ ದಿವಸ ಜನರಲ್ಲಿ ಏಳುವ ಮಾತುಗಳು ಬಹುಮಟ್ಟಿಗೆ ಒಂದೇ ತೆರನಾದವು. ಸಕಲೇಶಪುರದ ಪೇಟೆಯಾಗಲಿ, ಆಲೂರಿನ ಸಂತೆಯಾಗಲಿ, ಕಾಫಿಯ ತೋಟದ ಲೈನುಮನೆಗಳಾಗಲಿ, ಎಲ್ಲೆಡೆಯೂ ಮೂರು ಮಾತುಗಳು ಹುಟ್ಟುತ್ತವೆ. ನ್ಯಾಯಾಧಿಪತಿಗಳನ್ನು ಯಾರೋ ಒಲಿಸಿಕೊಂಡರೆಂಬುದು ಒಂದು. ಕಾನೂನು ಇರುವುದೇ ದುಷ್ಟರ ರಕ್ಷಣೆಗೆಂಬುದು ಇನ್ನೊಂದು. ಇಂಥವರನ್ನು ಸಿಕ್ಕಿದಲ್ಲಿಯೇ ಮುಗಿಸಬೇಕಾಗಿತ್ತೆಂಬುದು ಮೂರನೆಯದು. ಈ ಮಾತುಗಳ ಹಿಂದಿರುವ ದುಃಖವು ನಿಜವಾದುದು, ಅದನ್ನು ಹಳಿಯತಕ್ಕುದಿಲ್ಲ. ಕೊಲೆಯನ್ನು ಕಂಡು ಕೆರಳದ ಸಮಾಜವು ಬದುಕಿರುವ ಸಮಾಜವಲ್ಲ. ಆದರೆ ಈ ಮೂರು ಮಾತುಗಳೂ ಆ ಕೋಪವನ್ನು ತಪ್ಪು ಮನೆಯ ಬಾಗಿಲಿಗೆ ಒಯ್ಯುತ್ತವೆ. ಕೇಳಬೇಕಾದ ನಾಲ್ಕನೆಯ ಮಾತೊಂದಿದೆ. ಅದನ್ನು ಕೇಳುವವರು ವಿರಳ. ಕೊಲೆಯಾದುದು ನಿಜ, ಹಿಡಿದು ತಂದವನೇ ಕೊಂದವನೆಂಬುದು ಸಿದ್ಧವಾಗಲಿಲ್ಲ, ಹಾಗಾದರೆ ಹಿಡಿದು ತಂದವರು ಮಾಡಿದ ಕೆಲಸಕ್ಕೆ ಉತ್ತರ ಕೊಡತಕ್ಕವರಾರು?

ಈ ಪ್ರಶ್ನೆಯ ಬೆಲೆಯನ್ನು ಅರಿಯಲು ದೂರ ಹೋಗಬೇಕಾದುದಿಲ್ಲ. ಸಕಲೇಶಪುರದಿಂದ ಪಶ್ಚಿಮಕ್ಕೆ ಹೊರಟು, ದೋಣಿಗಾಲು ಮಾರನಹಳ್ಳಿಗಳನ್ನು ದಾಟಿ, ಶಿರಾಡಿ ಘಟ್ಟವನ್ನಿಳಿದು ಗುಂಡ್ಯವನ್ನು ಸೇರಿದವರಿಗೆ ಬೆಳ್ತಂಗಡಿ ತಾಲ್ಲೂಕು ನೆರೆಯ ಸೀಮೆಯೇ ಸರಿ. ಆ ತಾಲ್ಲೂಕಿನ ಧರ್ಮಸ್ಥಳ ಗ್ರಾಮದಲ್ಲಿ, 2012ನೆಯ ಇಸವಿ ಅಕ್ಟೋಬರ್ 9ರಂದು, ಕಾಲೇಜಿನಿಂದ ಹಿಂದಿರುಗುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಮನೆಯನ್ನು ಸೇರಲಿಲ್ಲ. ಮರುದಿನ ಆಕೆಯ ದೇಹವು ಕಾಡಿನೊಳಗೆ ದೊರೆಯಿತು. ಅತ್ಯಾಚಾರವೂ ಕೊಲೆಯೂ ನಡೆದಿದ್ದುವು. ಒಂದೆರಡು ದಿವಸಗಳಲ್ಲಿಯೇ ಒಬ್ಬನನ್ನು ಹಿಡಿಯಲಾಯಿತು. ತನಿಖೆಯು ಮೊದಲು ಸ್ಥಳದ ಪೋಲೀಸಿನವರ ಕೈಯಲ್ಲಿದ್ದು, ಬಳಿಕ ಸಿ.ಐ.ಡಿ.ಯವರಿಗೆ ಹೋಗಿ, 2013ರ ಕೊನೆಯ ಭಾಗದಲ್ಲಿ ಸಿ.ಬಿ.ಐ.ಯವರಿಗೆ ವಹಿಸಲ್ಪಟ್ಟಿತು. ಮೂರು ಇಲಾಖೆಗಳ ಕೈಗಳನ್ನು ಹಾದುಬಂದರೂ ಆಪಾದಿತನು ಅವನೊಬ್ಬನೇ. ಹತ್ತು ವರ್ಷ ಕಳೆದ ಮೇಲೆ, 2023ನೆಯ ಜೂನ್ 16ರಂದು, ಬೆಂಗಳೂರಿನ ವಿಶೇಷ ನ್ಯಾಯಸ್ಥಾನವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಇದರ ಮೇಲೆ ಸಿ.ಬಿ.ಐ.ಯವರು ಹೂಡಿದ ಅಪೀಲನ್ನೂ, ಪುನಃ ತನಿಖೆಯಾಗಬೇಕೆಂಬ ತಂದೆಯ ಪ್ರಾರ್ಥನೆಯನ್ನೂ, 2024ನೆಯ ಆಗಸ್ಟ್ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ತಳ್ಳಿಹಾಕಿತು. ಆ ಗ್ರಾಮದ ಹೆಸರಿನೊಡನೆ 2025ರಲ್ಲಿ ಎದ್ದ ಇತರ ವಿವಾದಗಳು ಬೇರೆ. ಅವು ಇಲ್ಲಿಯ ವಿಷಯವಲ್ಲ.

ಆ ತೀರ್ಪು ಆಪಾದಿತನನ್ನು ಬಿಟ್ಟುದಷ್ಟೇ ಅಲ್ಲ, ತನಿಖೆಯನ್ನು ಕುರಿತೂ ಮಾತನಾಡಿತು. ಕೃತ್ಯ ನಡೆದ ಬೆನ್ನಿಗೆ ದೊರೆಯುವ ಕೆಲವು ಗಂಟೆಗಳ ಅಮೂಲ್ಯವಾದ ಕಾಲವನ್ನು ತನಿಖೆಯವರು ವ್ಯರ್ಥವಾಗಿ ಕಳೆದರು. ಶವಪರೀಕ್ಷೆಯ ಸಮಯದಲ್ಲಿ ತೆಗೆದ ಮಾದರಿಗಳನ್ನು ಸರಿಯಾಗಿ ಒಣಗಿಸಿ ಕಾಪಾಡಲಿಲ್ಲ. ಅವಕ್ಕೆ ಬೂಷ್ಟು ಹಿಡಿದುದರಿಂದ ಡಿ.ಎನ್.ಎ. ಪರೀಕ್ಷೆಯಿಂದ ಹೊರಬೀಳಬೇಕಾಗಿದ್ದ ಸತ್ಯವು ಹೊರಬೀಳದೆ ಹೋಯಿತು. ಕಾಫಿಯ ಸೀಮೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಣ್ಣನ್ನು ಕೊಯ್ದ ದಿವಸ ಕಣದಲ್ಲಿ ಹರಡಿ ಒಣಗಿಸದೆ ರಾಶಿ ಹಾಕಿ, ಬೂಷ್ಟು ಹಿಡಿದ ಬೀಜವನ್ನು ಹಾಸನದ ಕ್ಯೂರಿಂಗ್ ಕಾರ್ಖಾನೆಗೆ ಕಳುಹಿಸಿ, ಅಲ್ಲಿಂದ ಬಂದ ದರ್ಜೆಯ ಚೀಟಿಯನ್ನು ನೋಡಿ ಕಾರ್ಖಾನೆಯವರನ್ನು ಬಯ್ಯುವ ತೋಟಗಾರನನ್ನು ಯಾರಾದರೂ ಬುದ್ಧಿವಂತನೆನ್ನುವರೆ? ಕಾರ್ಖಾನೆಯು ಬೀಜವನ್ನು ಅಳೆದು ಹೇಳುತ್ತದೆಯೇ ಹೊರತು ಕೆಟ್ಟುದನ್ನು ಒಳ್ಳೆಯದನ್ನಾಗಿ ಮಾಡಲಾರದು. ನ್ಯಾಯಸ್ಥಾನದ ಸ್ಥಿತಿಯೂ ಅಷ್ಟೆ. ಅದರ ಮುಂದೆ ತಂದಿಟ್ಟುದನ್ನು ಅದು ತೂಗಬಲ್ಲುದು. ತರದೆ ಹಾಳುಮಾಡಿದುದನ್ನು ಸೃಷ್ಟಿಸಲಾರದು.

ನ್ಯಾಯಾಧಿಪತಿಗಳು ಎಂದಿಗೂ ತಪ್ಪುವುದಿಲ್ಲವೆಂದು ಇದರರ್ಥವಲ್ಲ. ತಪ್ಪಿದ ಸಂದರ್ಭಗಳಿವೆ, ಅವನ್ನು ತಿದ್ದಿದ ಸಂದರ್ಭಗಳೂ ಇವೆ. ದೆಹಲಿಯಲ್ಲಿ 1999ನೆಯ ಏಪ್ರಿಲ್‌ನಲ್ಲಿ ಜೆಸ್ಸಿಕಾ ಲಾಲ್ ಎಂಬಾಕೆಯ ಕೊಲೆಯಾಯಿತು. 2006ನೆಯ ಫೆಬ್ರವರಿಯಲ್ಲಿ ಕೆಳಗಿನ ನ್ಯಾಯಸ್ಥಾನವು ಆಪಾದಿತರೆಲ್ಲರನ್ನೂ ಬಿಟ್ಟಿತು. ದೇಶದಲ್ಲೆಲ್ಲ ಕೋಪವೆದ್ದಿತು, ಅಪೀಲು ಹೂಡಲಾಯಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಮುಖ್ಯ ಆಪಾದಿತನನ್ನು ಅಪರಾಧಿಯೆಂದು ಸಾರಿತು, 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಕೋಪವು ಫಲಿಸಿದುದು ಹೇಗೆ? ಕೆಲವು ಸಾಕ್ಷಿದಾರರು ತಿರುಗಿಬಿದ್ದಿದ್ದರೂ, ಇನ್ನು ಕೆಲವರು ಅಂಜದೆ ನುಡಿದ ಸಾಕ್ಷ್ಯವು ದಾಖಲೆಯಲ್ಲಿ ಉಳಿದಿತ್ತು. ಮೇಲಿನ ನ್ಯಾಯಾಲಯವು ಅದನ್ನು ಮತ್ತೆ ಓದಿ ಬೇರೆ ತೀರ್ಮಾನಕ್ಕೆ ಬಂದಿತು. ಬೆಳ್ತಂಗಡಿಯ ಖಟ್ಲೆಯಲ್ಲಿ ಮೇಲಿನ ನ್ಯಾಯಾಲಯವು ಮತ್ತೆ ಓದಿದಾಗಲೂ ಅದೇ ತೀರ್ಮಾನ ಉಳಿಯಿತು. ದಾಖಲೆಯಲ್ಲಿ ಸತ್ಯವಿದ್ದು ತೀರ್ಪು ತಪ್ಪಿದರೆ ಅಪೀಲು ಮದ್ದಾದೀತು; ದಾಖಲೆಯೇ ಬರಿದಾದರೆ ಅಪೀಲಿನಿಂದಾಗುವುದೇನು?

ಬೆಳ್ತಂಗಡಿಯ ಜನರನ್ನು ಮೆಚ್ಚಬೇಕಾದ ವಿಷಯವೊಂದುಂಟು. 2023ರ ತೀರ್ಪಿನ ಬಳಿಕ ಅಲ್ಲಿ ಸಭೆಗಳೂ ಮೆರವಣಿಗೆಗಳೂ ನಡೆದುವು. ಬಿಡುಗಡೆಯಾದವನನ್ನು ಗಲ್ಲಿಗೇರಿಸಿರೆಂಬುದು ಅವರ ಕೂಗಾಗಿರಲಿಲ್ಲ. ‘ಇವನಲ್ಲವಾದರೆ ಕೊಂದವರಾರು?’ ಎಂದು ಅವರು ಕೇಳಿದರು. ಇದು ಸರಿಯಾದ ಪ್ರಶ್ನೆ. ಆದರೆ ಕೆಲವರು ಪ್ರಶ್ನೆಯಲ್ಲಿ ನಿಲ್ಲದೆ, ತಾವೇ ಉತ್ತರವನ್ನೂ ಕಂಡುಕೊಂಡವರಂತೆ ಸಾಕ್ಷ್ಯವಿಲ್ಲದೆ ಯಾರು ಯಾರದೋ ಹೆಸರನ್ನು ಬೀದಿಯಲ್ಲಿ ಕೂಗತೊಡಗಿದರು. ಪ್ರಮಾಣವಿಲ್ಲದೆ ಒಬ್ಬನನ್ನು ದೋಷಿಯೆಂದುದು ತನಿಖೆಯವರ ತಪ್ಪಾದರೆ, ಪ್ರಮಾಣವಿಲ್ಲದೆ ಇನ್ನೊಬ್ಬನನ್ನು ದೋಷಿಯೆನ್ನುವುದು ಅದೇ ತಪ್ಪಿನ ಎರಡನೆಯ ಮುದ್ರಣವಲ್ಲವೆ?

ಇನ್ನು, ಕಾನೂನು ದುಷ್ಟರ ರಕ್ಷಣೆಗಾಗಿ ಇದೆಯೆಂಬ ಮಾತು. ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧವು ಸಿದ್ಧವಾಗಬೇಕೆಂಬ ನಿಯಮವನ್ನು ಸಡಿಲಿಸಿದರೆ ಎಲ್ಲವೂ ನೆಟ್ಟಗಾಗುವುದೆಂದು ವಿದ್ಯಾವಂತರಲ್ಲಿಯೂ ಅನೇಕರು ನಂಬಿದ್ದಾರೆ. ಈ ಸಲಹೆ ಹೊಸದಲ್ಲ. ಕನ್ನಡನಾಡಿನವರೇ ಆದ, ಕರ್ನಾಟಕ ಮತ್ತು ಕೇರಳಗಳಲ್ಲಿ ಮುಖ್ಯ ನ್ಯಾಯಾಧಿಪತಿಗಳಾಗಿದ್ದ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿಯು 2003ರ ತನ್ನ ವರದಿಯಲ್ಲಿ, ಆಪಾದನೆಯು ಸತ್ಯವೆಂದು ನ್ಯಾಯಸ್ಥಾನಕ್ಕೆ ಮನವರಿಕೆಯಾದರೆ ಸಾಕೆಂಬ ಮಾನವನ್ನು ಸೂಚಿಸಿತು. ಅದು ಕಾನೂನಾಗಲಿಲ್ಲ, ಆಗದಿದ್ದುದು ಒಳ್ಳೆಯದೇ ಆಯಿತು. ಅಳತೆಯ ಪಾತ್ರೆಯನ್ನು ಕಿರಿದು ಮಾಡಿದ ಮಾತ್ರಕ್ಕೆ ಹಾಲು ಹೆಚ್ಚುವುದಿಲ್ಲ. ತನಿಖೆಯು ಇದ್ದಂತೆಯೇ ಇದ್ದು, ಸಿದ್ಧಪಡಿಸಬೇಕಾದ ಭಾರವೊಂದೇ ಇಳಿದರೆ, ಆ ತನಿಖೆಗೆ ಸುಲಭವಾಗಿ ಸಿಕ್ಕುವವರು ಯಾರು? ವಕೀಲರಿಗೆ ಹಣ ಕೊಡಲಾರದ ಕೂಲಿಯವನು, ಬೇರೆ ಸೀಮೆಯಿಂದ ತೋಟಕ್ಕೆ ಬಂದ ಆಳು, ಪರವಾಗಿ ಮಾತನಾಡುವ ನೆಂಟರಿಲ್ಲದ ಅಲೆಮಾರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯು ಅಂದು ಕಾನೂನಿನ ವಾಕ್ಯವೇ ಆದೀತು. ಸತ್ತವರಿಗೆ ಸಲ್ಲಬೇಕಾದ ನ್ಯಾಯವು ಯಾರಾದರೊಬ್ಬನನ್ನು ಸೆರೆಗೆ ಹಾಕುವುದರಿಂದ ಸಲ್ಲುವುದಿಲ್ಲ. ಕೊಂದವನನ್ನೇ ಹಾಕಿದರೆ ಸಲ್ಲುವುದು.

ಸಿಕ್ಕಿದಲ್ಲಿಯೇ ಮುಗಿಸಬೇಕೆಂಬ ಮೂರನೆಯ ಮಾತು ಈಗ ಬಹಳವಾಗಿ ಬೆಳೆದಿದೆ. 2025ನೆಯ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಎಳೆಯ ಮಗುವೊಂದರ ಕೊಲೆಯಾದ ದಿವಸವೇ ಆಪಾದಿತನು ಪೋಲೀಸರ ಗುಂಡಿಗೆ ಸತ್ತನು. ಅನೇಕರು ಅದನ್ನು ಕೊಂಡಾಡಿದರು. ಹೈದರಾಬಾದಿನಲ್ಲಿ 2019ನೆಯ ಡಿಸೆಂಬರ್ 6ರಂದು ನಾಲ್ವರು ಆಪಾದಿತರು ಹೀಗೆಯೇ ಸತ್ತಾಗ ಪೋಲೀಸರ ಮೇಲೆ ಹೂಮಳೆ ಸುರಿಯಿತು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ಸಿರ್ಪುರ್ಕರ್ ಆಯೋಗವು, ಆ ಗುಂಡುಗಳು ಕೊಲ್ಲುವ ಉದ್ದೇಶದಿಂದಲೇ ಹಾರಿಸಲ್ಪಟ್ಟವೆಂದು 2022ರಲ್ಲಿ ಹೊರಬಂದ ವರದಿಯಲ್ಲಿ ತಿಳಿಸಿತು. ಇಲ್ಲಿ ವಾಚಕರು ಒಂದು ಕ್ಷಣ ಯೋಚಿಸಬೇಕು. 2012ರ ಅಕ್ಟೋಬರ್‌ನಲ್ಲಿ ಬೆಳ್ತಂಗಡಿಯಲ್ಲಿ ಹಿಡಿಯಲ್ಪಟ್ಟವನು ಅಂದೇ ಗುಂಡಿಗೆ ಬಲಿಯಾಗಿದ್ದರೆ, ಅಂದೂ ಹೂಮಳೆ ಸುರಿಯುತ್ತಿತ್ತು. ತನಿಖೆಯ ಲೋಪವೊಂದೂ ಬೆಳಕಿಗೆ ಬರುತ್ತಿರಲಿಲ್ಲ. ‘ಇವನಲ್ಲವಾದರೆ ಯಾರು?’ ಎಂಬ ಪ್ರಶ್ನೆಯೂ ಅವನೊಡನೆಯೇ ಸುಟ್ಟುಹೋಗುತ್ತಿತ್ತು. ಗುಂಡಿನ ನ್ಯಾಯವನ್ನು ಬಯಸುವವರು ತಿಳಿಯದೆ ಬಯಸುವುದು ಇದನ್ನೇ: ಸೋಮಾರಿಯಾದ ತನಿಖೆಯ ತಪ್ಪನ್ನು ಶಾಶ್ವತವಾಗಿ ಮುಚ್ಚಿಹಾಕುವ ಉಪಾಯವನ್ನು.

ಜನಸಮೂಹದ ಅಂತಃಕರಣವು ಎಂದಿಗೂ ತಪ್ಪದೆನ್ನುವವರಿಗೆ ಹಳೆಯ ಉದಾಹರಣೆಯೊಂದುಂಟು. ಬೊಂಬಾಯಿಯಲ್ಲಿ 1959ನೆಯ ಏಪ್ರಿಲ್‌ನಲ್ಲಿ ನೌಕಾದಳದ ಅಧಿಕಾರಿ ನಾನಾವತಿಯು ತನ್ನ ಹೆಂಡತಿಯ ಪ್ರಿಯನನ್ನು ಗುಂಡಿಟ್ಟು ಕೊಂದನು. ಜೂರಿಯವರಲ್ಲಿ ಎಂಟು ಜನ ಅವನು ನಿರ್ದೋಷಿಯೆಂದರು; ಒಬ್ಬನು ಮಾತ್ರ ಬೇರೆ ನುಡಿದನು. ಊರು ಸಂತೋಷಪಟ್ಟಿತು, ಪತ್ರಿಕೆಯೊಂದು ಅವನನ್ನು ವೀರನನ್ನಾಗಿ ಮಾಡಿತು. ಉಚ್ಚ ನ್ಯಾಯಾಲಯವು 1960ರಲ್ಲಿ ಅವನನ್ನು ಅಪರಾಧಿಯೆಂದಿತು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಸ್ಥಿರಪಡಿಸಿತು. ಬಿಡುಗಡೆಗೆ ಜಯಘೋಷ ಮಾಡುವ ಜನವೂ, ಬಿಡುಗಡೆಗೆ ಕಲ್ಲೆತ್ತಿಕೊಳ್ಳುವ ಜನವೂ ಒಂದೇ. ಆಪಾದಿತನು ಮೆಚ್ಚಿನವನಾದರೆ ಒಂದು ನ್ಯಾಯ, ಮೆಚ್ಚದವನಾದರೆ ಇನ್ನೊಂದು ನ್ಯಾಯವೆಂಬುದು ನ್ಯಾಯವಲ್ಲ.

ಪೋಲೀಸಿನವರನ್ನು ಬಯ್ದು ಕೈತೊಳೆದುಕೊಳ್ಳುವ ಸೌಲಭ್ಯವೂ ಊರಿನವರಿಗಿಲ್ಲ. ಕೊಲೆಯ ಖಟ್ಲೆಗಳು ಬಿದ್ದುಹೋಗುವುದಕ್ಕೆ ಎರಡನೆಯ ಕಾರಣವು ಸಾಕ್ಷಿದಾರನ ಬಾಯಿ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ನೆಯ ಮಾರ್ಚ್ ತಿಂಗಳಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿಯಿಟ್ಟು ಕೊಲ್ಲಲಾಯಿತು. ವಿಚಾರಣೆಯು ಮುಗಿಯುವ ಹೊತ್ತಿಗೆ ಸಾಕ್ಷಿದಾರರು ಒಬ್ಬರ ಹಿಂದೊಬ್ಬರು ತಿರುಗಿಬಿದ್ದಿದ್ದರು. 2006ನೆಯ ಡಿಸೆಂಬರ್‌ನಲ್ಲಿ ಆಪಾದಿತರು ಬಿಡುಗಡೆಯಾದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಆ ಬಿಡುಗಡೆಯನ್ನು ಬದಲಿಸಲಿಲ್ಲ. ಏಳು ಜನ ಸುಟ್ಟುಹೋದುದು ಸತ್ಯ. ಸುಟ್ಟವರು ಮಾತ್ರ ಯಾರೂ ಇಲ್ಲ! ಅಲ್ಲಿ ಸಾಕ್ಷಿ ನುಡಿಯಬೇಕಾಗಿದ್ದವರು ಆರು ವರ್ಷಗಳಿಗೂ ಹೆಚ್ಚು ಕಾಲ ಕಾದಿರಬೇಕಾಯಿತು. ಅವರ ಬಾಯಿ ಕಟ್ಟಿದ ಭಯವನ್ನು ಹೋಗಲಾಡಿಸುವವರಾರೂ ಇರಲಿಲ್ಲ.

ಸಕಲೇಶಪುರ ಆಲೂರುಗಳ ಬೆಟ್ಟಸೀಮೆಗೆ ಈ ಭಯವು ಅಪರಿಚಿತವೆ? ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟವೂ ಹಳ್ಳವೂ ಇವೆ. ರಾತ್ರಿಯ ಕೂಗು ನೆರೆಯವನಿಗೆ ಕೇಳುವುದಿಲ್ಲ. ಕಂಡವನೊಬ್ಬನಿದ್ದರೆ ಅವನು ಬಹುಶಃ ತೋಟದ ಆಳು. ಅವನ ಕೂಲಿ, ಅವನಿರುವ ಮನೆ, ಅವನ ಮುಂಗಡದ ಸಾಲ, ಎಲ್ಲವೂ ಇನ್ನೊಬ್ಬರ ಕೈಯಲ್ಲಿವೆ. ಅವನಿಗೆ ಸಮನ್ಸು ಬಂದರೆ ದಿನದ ಕೂಲಿಯನ್ನು ಬಿಟ್ಟು ಹಾಸನದ ನ್ಯಾಯಸ್ಥಾನಕ್ಕೆ ಹೋಗಬೇಕು. ಹೋದ ದಿವಸ ವಾಯಿದೆಯಾದರೆ ಬರಿಗೈಯಲ್ಲಿ ಹಿಂದಿರುಗಬೇಕು. ಹಾಜರಿರುವ ಸಾಕ್ಷಿದಾರನನ್ನು ವಿಚಾರಿಸದೆ ವಿಶೇಷ ಕಾರಣವಿಲ್ಲದೆ ವಾಯಿದೆ ಹಾಕಕೂಡದೆಂದು ಕಾನೂನಿನಲ್ಲಿ ಬರೆದಿದೆ. ಬರೆದುದು ಎಷ್ಟರಮಟ್ಟಿಗೆ ನಡೆಯುತ್ತಿದೆಯೆಂಬುದನ್ನು ನ್ಯಾಯಸ್ಥಾನದ ಜಗಲಿಯಲ್ಲಿ ಒಂದು ದಿವಸ ಕುಳಿತವರು ಬಲ್ಲರು. ಅವನು ಮೂರನೆಯ ಸಲವೋ ನಾಲ್ಕನೆಯ ಸಲವೋ ಬಂದು ‘ಕಾಣಲಿಲ್ಲ, ಸ್ವಾಮಿ’ ಎಂದುಬಿಟ್ಟರೆ, ಅದು ಅವನೊಬ್ಬನ ಅಧರ್ಮವೆಂದು ತೋಟದ ಬಂಗಲೆಯಲ್ಲಿ ಕುಳಿತು ನಿಂದಿಸುವುದು ಬಹಳ ಸುಲಭ.

ಈ ಎಲ್ಲ ಕೋಪತಾಪಗಳಿಗೆ ಎದುರಾಗಿ ನಿಲ್ಲುವ ಪ್ರತಿಷ್ಠಿತರ ಮಾತೊಂದಿದೆ: ‘ಕಾನೂನು ತನ್ನ ದಾರಿಯಲ್ಲಿ ನಡೆದಿದೆ, ಇನ್ನು ಸುಮ್ಮನಿರಿ.’ ಇದು ಮೇಲಿನ ಮೂರು ಮಾತುಗಳಿಗಿಂತಲೂ ಕೆಟ್ಟದು. ಏಕೆಂದರೆ ಇದು ವಿವೇಕದ ವೇಷವನ್ನು ಹಾಕಿಕೊಂಡಿದೆ. ಕಾನೂನು ತನ್ನ ದಾರಿಯನ್ನು ಪೂರ್ತಿಯಾಗಿ ನಡೆದೇ ಇಲ್ಲ. 2014ನೆಯ ಜನವರಿ 7ರಂದು ಸರ್ವೋಚ್ಚ ನ್ಯಾಯಾಲಯವು ಗುಜರಾತ್ ಸರ್ಕಾರಕ್ಕೂ ಕಿಶನ್‌ಭಾಯಿಗೂ ನಡೆದ ಖಟ್ಲೆಯಲ್ಲಿ ತೀರ್ಪು ಕೊಟ್ಟಿತು. ಅಹಮದಾಬಾದಿನಲ್ಲಿ ಆರು ವರ್ಷದ ಬಾಲಿಕೆಯ ಕೊಲೆಯಾಗಿತ್ತು. ಕೆಳಗಿನ ನ್ಯಾಯಸ್ಥಾನವು ಮರಣದಂಡನೆ ವಿಧಿಸಿತ್ತು. ತನಿಖೆಯ ಲೋಪಗಳು ಅಷ್ಟಿದ್ದುದರಿಂದ ಉಚ್ಚ ನ್ಯಾಯಾಲಯವು ಬಿಡುಗಡೆ ಮಾಡಿತ್ತು. ಸರ್ವೋಚ್ಚ ನ್ಯಾಯಾಲಯವೂ ಆ ಬಿಡುಗಡೆಯನ್ನೇ ಎತ್ತಿಹಿಡಿದು, ಅಲ್ಲಿಗೆ ನಿಲ್ಲಿಸದೆ ಎಲ್ಲ ರಾಜ್ಯಗಳಿಗೂ ಆಜ್ಞೆಯೊಂದನ್ನು ಮಾಡಿತು. ಬಿಡುಗಡೆಯಲ್ಲಿ ಮುಗಿದ ಪ್ರತಿಯೊಂದು ಖಟ್ಲೆಯನ್ನೂ ಪೋಲೀಸ್ ಮತ್ತು ಅಭಿಯೋಗ ಇಲಾಖೆಗಳ ಹಿರಿಯ ಅಧಿಕಾರಿಗಳ ಸಮಿತಿಯೊಂದು ಪರೀಕ್ಷಿಸಬೇಕು. ಎಲ್ಲಿ ತಪ್ಪಾಯಿತೆಂಬುದನ್ನು ಬರೆದಿಡಬೇಕು. ಆ ತಪ್ಪು ತಿಳಿಯದೆ ಆದುದೋ ದೋಷಾರ್ಹವಾದುದೋ ಎಂಬುದನ್ನು ಗೊತ್ತುಮಾಡಬೇಕು. ದೋಷಾರ್ಹವಾದರೆ ಇಲಾಖೆಯ ಕ್ರಮ ನಡೆಯಬೇಕು. ಕಲಿತ ಪಾಠವನ್ನು ಹೊಸ ಅಧಿಕಾರಿಗಳ ಶಿಕ್ಷಣದಲ್ಲಿ ಸೇರಿಸಬೇಕು. ಇದಕ್ಕೆ ಆರು ತಿಂಗಳ ಅವಧಿಯನ್ನು ಕೊಟ್ಟಿತು.

ಬಿಡುಗಡೆಯ ತೀರ್ಪು ಬಂದ ದಿವಸ ಕಾನೂನು ನಿದ್ರೆಹೋಗಬೇಕಾದುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಚನ ಬೇಕೆ? ಆದರೆ ಈ ಸಮಿತಿಗಳ ವರದಿಗಳನ್ನು ಸಾಮಾನ್ಯ ಓದುಗರು ಎಲ್ಲಿಯೂ ಕಾಣರು. ಒಬ್ಬ ಹಳ್ಳಿಯ ಶಾನುಭೋಗನು ಹಿಂದಿನ ಕಾಲದಲ್ಲಿ ಲೆಕ್ಕದಲ್ಲಿ ನಾಲ್ಕು ಕಾಸು ತಪ್ಪಿದರೆ ಜಮಾಬಂದಿಯಲ್ಲಿ ಎಲ್ಲರ ಮುಂದೆ ಉತ್ತರ ಹೇಳಬೇಕಾಗಿತ್ತು. ಒಂದು ಜೀವದ ಲೆಕ್ಕ ತಪ್ಪಿದಾಗ ಉತ್ತರವು ಕಚೇರಿಯ ಕಡತದೊಳಗೇ ಉಳಿಯುವುದೆ?

ಆದುದರಿಂದ ಹಾಸನ ಜಿಲ್ಲೆಯ ವಿದ್ಯಾವಂತರು ಮುಂದಿನ ಸಲ ಕೋಪಗೊಂಡಾಗ ಕೇಳಬೇಕಾದುವು ಕೆಲವಿವೆ. ಮೊದಲನೆಯದು, ಕೊಲೆಯ ಖಟ್ಲೆಯ ಬಿಡುಗಡೆಯನ್ನು ಕುರಿತ ಸಮಿತಿಯ ನಿರ್ಣಯವು, ನೊಂದವರ ಮತ್ತು ಸಾಕ್ಷಿದಾರರ ಹೆಸರುಗಳನ್ನು ಮರೆಮಾಡಿ, ಪ್ರಕಟವಾಗಬೇಕು. ಎರಡನೆಯದು, ಮೊದಲ ದಿವಸದ ಕೆಲಸ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯವನ್ನು ಸಂಗ್ರಹಿಸಬೇಕೆಂದು ಹೇಳಿ, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿತ್ತಿದೆ. ಮುಂಗಾರಿನಲ್ಲಿ ಒಂದು ರಾತ್ರಿಯ ಮಳೆಗೆ ಹೆಜ್ಜೆಯ ಗುರುತೂ ರಕ್ತದ ಕಲೆಯೂ ಹೇಮಾವತಿಗೆ ಕೊಚ್ಚಿಹೋಗುವ ಸೀಮೆ ಇದು. ಇಲ್ಲಿ ಐದು ವರ್ಷ ಕಾಯುವುದೆಂದರೆ ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆಯೇ.

ಮೂರನೆಯದು, ಸಾಕ್ಷಿದಾರರ ರಕ್ಷಣೆ. ಸರ್ವೋಚ್ಚ ನ್ಯಾಯಾಲಯವು 2018ನೆಯ ಡಿಸೆಂಬರ್ 5ರಂದು ಅಂಗೀಕರಿಸಿದ ಯೋಜನೆಯಂತೆ, ಜಿಲ್ಲೆಯ ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಸಮಿತಿಯಿರಬೇಕು. ಬೆದರಿಕೆಗೊಳಗಾದವನು ಅದಕ್ಕೆ ಅರ್ಜಿ ಕೊಟ್ಟು ರಕ್ಷಣೆ ಕೇಳಬಹುದು. ಲೈನುಮನೆಯ ಆಳಿಗೆ ಇದು ತಿಳಿಯುವುದು ಹೇಗೆ? ಅರ್ಜಿ ಬರೆದುಕೊಡುವವರಾರು? ಓದುಬರಹ ಬಲ್ಲ ಮನೆಗಳು ಇರುವುದು ಇಂಥ ಕೆಲಸಕ್ಕಲ್ಲದೆ ಮತ್ತೇತಕ್ಕೆ? ಸಾಕ್ಷಿಗೆ ಹೋದ ಆಳಿನ ಆ ದಿವಸದ ಕೂಲಿಯನ್ನು ಹಿಡಿಯದಿರುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ. ನಾಲ್ಕನೆಯದು, ಸತ್ತವರ ಮನೆಯವರ ಹಕ್ಕು. ಬಿಡುಗಡೆಯ ಮೇಲೆ ನೊಂದವರೇ ಅಪೀಲು ಹೋಗಬಹುದೆಂಬ ಹಕ್ಕು 2009ನೆಯ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಖಟ್ಲೆಯು ಬಿಡುಗಡೆಯಲ್ಲಿ ಮುಗಿದರೂ ಪರಿಹಾರಕ್ಕೆ ನ್ಯಾಯಸ್ಥಾನವು ಶಿಫಾರಸು ಮಾಡಬಹುದು. ಶವದ ಮುಂದೆ ಘೋಷಣೆ ಕೂಗಿದವರಲ್ಲಿ ಒಬ್ಬನಾದರೂ, ಗಡುವು ಮೀರುವ ಮುನ್ನ, ಆ ತಾಯಿತಂದೆಗಳ ಜೊತೆಯಲ್ಲಿ ವಕೀಲರ ಮನೆಯ ಮೆಟ್ಟಲನ್ನು ಹತ್ತಬೇಡವೆ?

ಒಮ್ಮೆ ಅಂತಿಮವಾಗಿ ಬಿಡುಗಡೆಯಾದವನನ್ನು ಅದೇ ಅಪರಾಧಕ್ಕೆ ಎರಡನೆಯ ಸಲ ವಿಚಾರಿಸುವಂತಿಲ್ಲ. ಅದು ಒಳ್ಳೆಯ ನಿಯಮ. ಆದರೆ ಅದರಿಂದಲೇ ಮೊದಲ ದಿವಸದ ಅಲಕ್ಷ್ಯಕ್ಕೆ ಪ್ರಾಯಶ್ಚಿತ್ತವಿಲ್ಲ. ಬೆಳ್ತಂಗಡಿಯ ಆ ಹುಡುಗಿಯನ್ನು ಕೊಂದವರಾರೆಂಬುದು ಇಂದಿಗೂ ನ್ಯಾಯಸ್ಥಾನದಲ್ಲಿ ಸಿದ್ಧವಾಗಿಲ್ಲ. ಒಂದು ಮನೆಯವರು ಮಗಳನ್ನು ಕಳೆದುಕೊಂಡರು. ಒಬ್ಬ ಮನುಷ್ಯನು ಹತ್ತು ವರ್ಷಕ್ಕೂ ಮಿಕ್ಕಿ ಕೊಲೆಗಡುಕನೆಂಬ ಹೆಸರನ್ನು ಹೊತ್ತನು. ಕೊಂದವರು ಮಾತ್ರ ಯಾವ ಶಿಕ್ಷೆಯನ್ನೂ ಕಾಣಲಿಲ್ಲ. ಈ ಮೂರು ಅನ್ಯಾಯಗಳೂ ಒಂದೇ ಬೇರಿನಿಂದ ಬಂದುವು. ಕೊಂಬೆಗೆ ಕಲ್ಲೆಸೆದು ದಣಿಯುವುದನ್ನು ಬಿಟ್ಟು, ಮಹಾಜನರು ಆ ಬೇರಿಗೆ ಕೈಯಿಕ್ಕಲಿ: ಕೊಲೆಯ ಖಟ್ಲೆಯಲ್ಲಿ ಬಿಡುಗಡೆಯಾದಾಗಲೆಲ್ಲ, ತನಿಖೆಯವರ ಉತ್ತರವೆಲ್ಲಿಯೆಂದು ಜಿಲ್ಲೆಯ ಅಧಿಕಾರಿಗಳನ್ನೂ ಶಾಸನಸಭೆಯ ಸದಸ್ಯರನ್ನೂ ಬರೆದು ಕೇಳಲಿ, ಉತ್ತರ ಬರುವವರೆಗೂ ಕೇಳುತ್ತಿರಲಿ.